ಕೆನ್ನಾಯಿಯ ಸೀನು

ಪುಷ್ಯದ ಬಿಸಿಲು ನೆತ್ತಿಗೆ ಬರುವ ಮೊದಲೇ ಊರ ಕಣದ ತುಂಬ ಕೆಂಪು ಹರಡಿಯಾಗಿತ್ತು. ಮೆಣಸಿನಕಾಯಿ ಒಣಗುವ ದಿನಗಳಲ್ಲಿ ನಮ್ಮೂರಲ್ಲಿ ಯಾರ ಮೂಗೂ ನೆಟ್ಟಗಿರುವುದಿಲ್ಲ. ನಾವು ಹೆಂಗಸರು ಸೆರಗನ್ನು ಮೂಗಿಗೆ ಬಿಗಿದುಕೊಂಡು, ಬುಟ್ಟಿಯನ್ನು ಮೊಣಕಾಲ ನಡುವೆ ಇಟ್ಟುಕೊಂಡು ತೊಟ್ಟು ಬಿಡಿಸುತ್ತ ಕೂತಿದ್ದೆವು. ಮೊದಲು ಉಗುರಸಂದಿ ಉರಿಯುತ್ತದೆ, ಆಮೇಲೆ ಅಂಗೈ, ಆಮೇಲೆ ಉರಿಯೇ ಅಭ್ಯಾಸವಾಗಿ ಹೋಗುತ್ತದೆ. ಆ ಕೈಯಲ್ಲಿ ಕಣ್ಣು ಒರೆಸಿಕೊಳ್ಳಬಾರದು, ಅದೊಂದೇ ಈ ಕೆಲಸದ ವಿದ್ಯೆ.

ಹೊಲ ಇದ್ದವರಿಗೆಲ್ಲ ಅವರವರ ಕಣ ಉಂಟು. ಊರ ಕಣದಲ್ಲಿ ಒಣಗಿಸುವವರು ಹೊಲ ಇಲ್ಲದವರು. ಒಡೆಯರು ಕಡೆಯ ಕೊಯ್ಲು ಮುಗಿಸಿ ಹೋದ ಮೇಲೆ ಗಿಡದಲ್ಲಿ ಅಲ್ಲೊಂದು ಇಲ್ಲೊಂದು ಉಳಿದ ಕಾಯಿ ಇರುತ್ತದಲ್ಲ, ಆ ಹಕ್ಕಲು ಆಯ್ದವರಿಗೆ ಸೇರಿದ್ದು. ಅದನ್ನು ಆಯ್ದು ತಂದು, ಒಣಗಿಸಿ, ಹಳ್ಳಿಯ ಮೇಲೆ ಹೊತ್ತು ತಿರುಗಿ ಜೋಳಕ್ಕೆ ಬದಲು ಮಾಡಿಕೊಂಡರೆ ಮಳೆಗಾಲದ ತನಕ ಒಲೆ ಉರಿಯುತ್ತದೆ. ಫಕೀರವ್ವ ಗಂಡ ಸತ್ತಂದಿನಿಂದ ಬದುಕಿದ್ದೇ ಹಾಗೆ. ಮಕ್ಕಳಿಲ್ಲ, ಮನೆಯೆಂದರೆ ಒಂದು ಕೋಣೆ, ಅಂಗಳವೆಂದರೆ ದಾರಿ. ಕಣದ ಮೂಡಣ ಮೂಲೆ ಅವಳದು ಎಂದು ಯಾರೂ ಬರೆದುಕೊಟ್ಟಿರಲಿಲ್ಲ. ಆದರೆ ಅಲ್ಲಿ ಮತ್ತೊಬ್ಬರು ಗೋಣಿತಟ್ಟು ಹಾಸಿದ್ದನ್ನು ನಾನು ಕಂಡಿಲ್ಲ.

ಅಂದು ವಾಲೀಕಾರ ದುರಗಪ್ಪ ಸುದ್ದಿ ಹೊತ್ತುಕೊಂಡು ಕಣದ ಅಂಚಿಗೆ ಬಂದು ನಿಂತ. ಊರಲ್ಲಿ ಡಂಗುರ ಸಾರುವವನು ಅವನೇ. ಸಾರುವ ಮೊದಲು ನಮ್ಮ ಕಿವಿಗೆ ಹಾಕದಿದ್ದರೆ ಅವನಿಗೆ ಉಂಡದ್ದು ಅರಗುವುದಿಲ್ಲ.

"ಏ ಆಯಿ, ಕೇಳಿದೇನ? ಅಡಿವೆಪ್ಪ ಸಾವ್ಕಾರ್ರು ಈ ಸಲ ಕಣ ಕೇಳಾವರದಾರ. ಗೋದಾಮು ಕಟ್ಟಸ್ತಾರಂತ."

"ಯಾರನ್ನ ಕೇಳ್ತಾನ? ನನ್ನನ್ನೇನ?" ಎಂದಳು ಫಕೀರವ್ವ, ಕಾಯಿಯಿಂದ ಕಣ್ಣೆತ್ತದೆ.

"ನಿನ್ನ ಕೇಳಾಕ ನಿನಗೇನ ಬಾಲ ಐತಿ? ಕೆನ್ನಾಯಿನ್ನ ಕೇಳ್ತಾರ."

ಕೆನ್ನಾಯಿಗಳ ವಿಷಯ ನಮ್ಮೂರವರಿಗೆ ಹೇಳಬೇಕಾಗಿಲ್ಲ. ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ, ನಂಬಿಸುವ ಉಸಾಬರಿ ನನಗೂ ಬೇಡ. ಬನದ ಹುಣ್ಣಿಮೆಯ ಮಾರನೆಯ ಬೆಳಿಗ್ಗೆ ಈ ಕೆಂಪು ಕಾಡುನಾಯಿಗಳು ಕುರುಚಲು ಗುಡ್ಡದಿಂದ ಇಳಿದು ಬರುತ್ತವೆ. ಬೊಗಳುವುದಿಲ್ಲ. ದನಗಾಹಿಗಳು ಶಿಳ್ಳೆ ಹಾಕಿಕೊಳ್ಳುವ ಹಾಗೆ ಒಂದನ್ನೊಂದು ಕರೆಯುತ್ತ ಬಂದು ಕೆರೆಯ ಮಗ್ಗುಲಿನ ದಿಬ್ಬದ ಮೇಲೆ ಕೂರುತ್ತವೆ. ಊರು ಕೇಳಬೇಕಾದ್ದನ್ನು ಆಗ ಕೇಳುತ್ತದೆ. ಸೀನಿದರೆ ಹೂಂ, ಸುಮ್ಮನಿದ್ದರೆ ಊಹೂಂ. ಕಿವಿ ಹರಿದ ಮುದಿ ಹೆಣ್ಣುನಾಯಿ ಒಂದಿದೆ, ಅದು ಒಂದು ಸಲ ಸೀನಿದರೆ ಸಾಕು. ಎಳೆಯವಾದರೆ ನಾಲ್ಕಾರು ಸೇರಿ ಸೀನಬೇಕು. ಮನೆಗೆ ಒಂದೇ ಪ್ರಶ್ನೆ, ಅದೂ ವರ್ಷಕ್ಕೊಮ್ಮೆ. ನಾಯಿಗಳು ಎದ್ದ ಮೇಲೆ ಕೇಳಿದ್ದು ಲೆಕ್ಕಕ್ಕಿಲ್ಲ. ಒಮ್ಮೆ ಬಿದ್ದ ಹೂಂ ಅನ್ನು ಯಾರೂ ಮೀರುವುದಿಲ್ಲ.

ಆ ಬೆಳಿಗ್ಗೆ ನಶ್ಯದ ಅಂಗಡಿ ಬಾಗಿಲು ತೆರೆಯುವುದಿಲ್ಲ. ಖಾರದ ಗಿರಣಿ ಮುಂಚಿನ ದಿನದಿಂದಲೇ ಬಂದ್. ನೆಗಡಿಯಾದವರನ್ನು ಮನೆಯೊಳಗೆ ಕೂಡಿ ಹೊರಗಿನಿಂದ ಚಿಲಕ ಹಾಕುತ್ತಾರೆ. ಇಲ್ಲವಾದರೆ ಯಾರ ಸೀನು ಯಾರದೆಂದು ಜಗಳವಾಗುತ್ತದೆ. ಕೆರೆಯ ತೂಬು ಎಂದು ತೆರೆಯಬೇಕು, ಗುಡಿಯ ಪೂಜೆ ಯಾವ ಮನೆತನಕ್ಕೆ, ಎಲ್ಲ ಹೀಗೇ ನಿರ್ಧಾರವಾಗಿದ್ದು. ಸಾಲೆಗೆ ಹೊಸದಾಗಿ ಬಂದ ಮಾಸ್ತರರು ಮೊದಲ ವರ್ಷ ಹೊಟ್ಟೆ ಹಿಡಿದುಕೊಂಡು ನಕ್ಕರು. ಎರಡನೆಯ ವರ್ಷ ದಿಬ್ಬದ ಬುಡಕ್ಕೆ ಬಂದು, ನನಗೆ ವರ್ಗ ಆದೀತೇ ಎಂದು ಕೇಳಿದರು. ನಾಯಿಗಳು ಸೀನಲಿಲ್ಲ. ಮಾಸ್ತರರು ಇನ್ನೂ ಇಲ್ಲೇ ಇದ್ದಾರೆ.

ಫಕೀರವ್ವನಿಗೆ ಮಾತ್ರ ಈ ಸಂಭ್ರಮ ಯಾವತ್ತೂ ಹತ್ತಿದ್ದಲ್ಲ. "ಅವು ತಮ್ಮತಮ್ಮೊಳಗ ಕೇಳ್ಕೊಳ್ಳಾಕತ್ತಾವ, ಬ್ಯಾಟಿಗೆ ಹೋಗೂಣೇನ, ಇನ್ನಷ್ಟ ಕುಂದ್ರೂಣೇನ ಅಂತ. ನಡುವ ನಾವು ಹೋಗಿ ಬಾಯಿ ಹಾಕ್ತೀವಿ," ಎನ್ನುತ್ತಿದ್ದಳು. ಹಾಗೆಂದು ಹೂಂ ಅನ್ನು ಅವಳೂ ಮೀರಿದವಳಲ್ಲ. ಮೀರಿ ಈ ಊರಲ್ಲಿ ನೀರು ಸೇದುವುದು ಹೇಗೆ?

ಅಡಿವೆಪ್ಪನದು ಮೆಣಸಿನಕಾಯಿಯ ದಲಾಲಿ ಅಂಗಡಿ. ಹೊಟ್ಟೆ ಮುಂದೆ, ಅವನು ಹಿಂದೆ ಬರುವ ಜಾತಿ. ಹುಣ್ಣಿಮೆಗೆ ಮುಂಚೆ ನಾನು ಕೆರೆಗೆ ನೀರಿಗೆ ಹೋದಾಗ ಅವನ ಹಮಾಲರು ದಿಬ್ಬವನ್ನು ಕಸಬರಿಗೆಯಿಂದ ಗುಡಿಸಿ, ಖಾಲಿ ಚೀಲಗಳನ್ನು ಅದರ ಮೇಲೆ ಝಾಡಿಸುತ್ತಿದ್ದರು. ಹಾಡುಹಗಲು, ಊರೆಲ್ಲ ಓಡಾಡುವ ಹೊತ್ತು. "ಏನ್ ಮಾಡಾಕತ್ತೀರಪಾ?" ಎಂದು ಕೇಳಿದೆ. "ಸ್ವಚ್ಛ ಮಾಡಾಕತ್ತೇವಕ್ಕಾ," ಎಂದ ಒಬ್ಬ, ಕಣ್ಣಲ್ಲಿ ನೀರು ಸುರಿಸುತ್ತ. ದಿಬ್ಬದ ಮಣ್ಣು ಕುಂಕುಮದ ಬಣ್ಣಕ್ಕೆ ತಿರುಗಿತ್ತು. ಖಾರದ ಗಿರಣಿಯ ಚೀಲಗಳವು.

ನಮ್ಮ ಗಂಡಸರಿಂದ ಚಾವಡಿಯಲ್ಲಿ ಹಿರಿಯರಿಗೆ ಹೇಳಿಸಿದರೆ ಅವರು ಮೀಸೆ ತಿರುವಿ ಯೋಚಿಸಿದರು. ನಶ್ಯ ಏರಿಸಬಾರದು ಎಂಬ ಕಟ್ಟಳೆ ಇದೆ, ಗಿರಣಿ ತಿರುಗಿಸಬಾರದು ಎಂಬ ಕಟ್ಟಳೆ ಇದೆ, ಚೀಲ ಝಾಡಿಸಬಾರದು ಎಂದು ಎಲ್ಲೂ ಇಲ್ಲವಲ್ಲ, ಎಂದರು. ಅವರಲ್ಲಿ ಅರ್ಧ ಜನರ ಕಾಯಿ ಹೋಗುವುದೇ ಅಡಿವೆಪ್ಪನ ಅಂಗಡಿಗೆ. ಮೂಗು ಅವರಿಗೂ ಇತ್ತು, ಆದರೆ ಅದು ಆ ದಿಕ್ಕಿಗೆ ತಿರುಗಲಿಲ್ಲ.

ಆಗ ಕಣದ ಹೆಂಗಸರೇ ಒಂದು ಉಪಾಯ ಹೂಡಿದೆವು. ನಾಯಿಗಳು ಹೇಗೂ ಸೀನುತ್ತವೆ. ಅಡಿವೆಪ್ಪನದು ಒಂದು ಮನೆ, ಒಂದು ಪ್ರಶ್ನೆ. ಕಣ ನೆಚ್ಚಿದ ಮನೆಗಳು ಹತ್ತಾರು. ಅವನು ಕೇಳಿದ ಬೆನ್ನಿಗೇ ನಮ್ಮ ಮನೆಮನೆಯಿಂದಲೂ ಒಂದೊಂದು ಪ್ರಶ್ನೆ ಏಳಬೇಕು, ಎಲ್ಲದೂ ಒಂದೇ: ಕಣ ಊರಿಗೇ ಉಳಿಯಲೇ? ಅವನ ಒಂದು ಹೂಂ ಎದುರು ನಮ್ಮ ರಾಶಿ ಹೂಂ. ಗಂಡಸರು ಕೂಡ ಬಂದು ಕೂತು ಕೇಳಿದರು. ತಲೆಯಾಡಿಸಿದರು. ದಿಬ್ಬದ ಬುಡದಲ್ಲಿ ಕೇಳುವುದು ಮನೆಯ ಗಂಡಸರೇ, ಗಂಡಸಿಲ್ಲದ ಮನೆಯಾದರೆ ಹೆಂಗಸು. ನನ್ನ ಗಂಡ ಎದೆ ತಟ್ಟಿಕೊಂಡು, "ಮೊದಲನೇದು ನಂದಽ ಧ್ವನಿ," ಎಂದ. ಅವನ ಧ್ವನಿ ದೊಡ್ಡದು ಎಂಬುದರಲ್ಲಿ ನನಗೆ ಯಾವ ಸಂಶಯವೂ ಇರಲಿಲ್ಲ.

ಫಕೀರವ್ವ ಅವನನ್ನೇ ದಿಟ್ಟಿಸಿ, "ಕಲ್ಲಪ್ಪ, ಅಲ್ಲಿ ಹೋಗಿ ನಿಂತಮ್ಯಾಲೆ ಇದಽ ಬಾಯಿ ಇರ್ತೈತಿಲ್ಲೋ?" ಎಂದಳು.

"ಏನ್ ಮಾತಂತ ಆಡ್ತಿ ಆಯಿ! ಕಣ ಹ್ವಾದ್ರ ನನ್ನ ಹೇಂತಿ ಕಾಯಿ ಎಲ್ಲಿ ಒಣಗಸ್ತಾಳ?"

ಹುಣ್ಣಿಮೆಯ ಮಾರನೆಯ ಬೆಳಿಗ್ಗೆ ಊರಿಗೆ ಊರೇ ದಿಬ್ಬದ ಸುತ್ತ ನೆರೆಯಿತು. ನಾಯಿಗಳು ಎಂದಿನಂತೆ ಶಿಳ್ಳೆ ಹಾಕುತ್ತ ಬಂದವು. ಇಟ್ಟಂಗಿಯ ಬಣ್ಣದ ಮೈ, ಕಪ್ಪು ಬಾಲ. ಕಿವಿ ಹರಿದ ಮುದುಕಿ ಮುಂದೆ. ಮಣ್ಣಿಗೆ ಮೂತಿ ತಾಗಿಸಿದ್ದೇ ತಡ, ಅದು ತಲೆ ಕೊಡವಿ ಸೀನಿತು. ಪ್ರಶ್ನೆ ಇನ್ನೂ ಹುಟ್ಟಿಯೇ ಇರಲಿಲ್ಲ. ದುರಗಪ್ಪ ಗಾಬರಿಯಾಗಿ ಅಡಿವೆಪ್ಪನ ಮುಖ ನೋಡಿದ. ಅಡಿವೆಪ್ಪ ಕಣ್ಣಲ್ಲೇ ಅವಸರ ಮಾಡಿದ.

"ಊರ ಕಣದಾಗ ಅಡಿವೆಪ್ಪ ಸಾವ್ಕಾರ್ರು ಗೋದಾಮು ಕಟ್ಟಸ್ಲೇನ?" ಎಂದು ಸಾವಕಾರನ ಪರವಾಗಿ ದುರಗಪ್ಪ ಕೂಗಿದ.

ಸೀನಿದವು ಎಂದರೆ ಹೇಗೆ! ಮುದುಕಿ ಸೀನಿತು, ಎಳೆಯವು ಸೀನಿದವು, ಒಂದು ಮರಿ ಸೀನುವ ರಭಸಕ್ಕೆ ಉರುಳಿ ಬಿತ್ತು. ಹಿರಿಯರು, ಇಂಥ ಒಪ್ಪಿಗೆ ನಮ್ಮ ಕಾಲದಲ್ಲೇ ಆಗಿರಲಿಲ್ಲ ಎಂದು ಕೈ ಮುಗಿದರು. ಅಡಿವೆಪ್ಪ ನಾಚಿದವನಂತೆ ನಿಂತ. ದುರಗಪ್ಪನ ಧ್ವನಿ ಇಳಿಯಿತು, ನಾಯಿಗಳ ಸೀನು ಇಳಿಯಲಿಲ್ಲ. ಹುಟ್ಟಿದಾಗಿನಿಂದ ಮೆಣಸಿನಕಾಯಿಯಲ್ಲೇ ಹೊರಳಾಡಿದ ದಲಾಲ, ಖಾರ ಒಮ್ಮೆ ಮೂಗಿಗೆ ಏರಿದರೆ ಸಾವಕಾರನ ಕೆಲಸ ಮುಗಿಯಿತೆಂದು ತಾನಾಗಿ ಇಳಿಯುವುದಿಲ್ಲ ಎಂಬಷ್ಟನ್ನು ಯೋಚಿಸಿರಲಿಲ್ಲ.

ನನ್ನ ಗಂಡ ಮುಂದೆ ನುಗ್ಗಬೇಕಾದ ಹೊತ್ತು ಅದು. ಅವನು ಬಾಯಿ ತೆರೆಯುವಷ್ಟರಲ್ಲಿ ಹಜಾಮರ ಈರಪ್ಪ, ಹೊಲವಿಲ್ಲದವನೇ, ನಮ್ಮ ಜೊತೆ ಕೂತು ತಲೆಯಾಡಿಸಿದವನೇ, ಎರಡೂ ಕೈ ಎತ್ತಿ, "ನಮ್ಮ ಅಳಿಯನ ಕಡೆ ಇರೂ ಎಮ್ಮಿಕರ ನನಗ ಬರ್ಲೇನ?" ಎಂದು ಕಿರುಚಿದ. ಮುದಿ ನಾಯಿ ಸೀನಿತು. ಆ ಒಂದು ಕ್ಷಣದಲ್ಲಿ ಪ್ರತಿಯೊಬ್ಬನ ಮುಖದ ಮೇಲೂ ಅವನವನ ಮನೆಯ ಪುರಾಣ ಹಾದುಹೋದದ್ದನ್ನು ನಾನು ಕಣ್ಣಾರೆ ಕಂಡೆ.

ಆಮೇಲೆ ಕೇಳಬೇಡಿ. ಒಬ್ಬನಿಗೆ ತಂಗಿಗೆ ಕೊಟ್ಟ ಬೋರಮಾಳ ಸರ ವಾಪಸು ಬೇಕು. ಒಬ್ಬನಿಗೆ ಪಕ್ಕದ ಮನೆಯ ಬೇವಿನಮರ ತನ್ನದಾಗಬೇಕು. ಒಬ್ಬನು, ಪಾಪ, ಏನು ಕೇಳಬೇಕೆಂದೇ ತಿಳಿಯದೆ, ನಾನು ಕರ್ರಗಿಲ್ಲ ಅಲ್ಲವೇ ಎಂದು ಕೇಳಿದ. ಅದಕ್ಕೂ ಸೀನಿದವು. ನೂಕಾಟದಲ್ಲಿ ರುಮಾಲು ಬಿದ್ದವು, ತುಳಿತಕ್ಕೆ ಸಿಕ್ಕವು. ನಾನು ಹಿಂದಿನಿಂದ, "ಕಣ! ಕಣ ಕೇಳ್ರೆಪಾ!" ಎಂದು ಒದರುತ್ತಿದ್ದೆ. ನನ್ನ ಗಂಡನ ದೊಡ್ಡ ಧ್ವನಿ ಆಗ ಎದ್ದಿತು:

"ಹಿತ್ತಲದಾಗಿನ ನಡುಗೋಡಿ ನನ್ನ ತಮ್ಮನ ಕಡೆಗೆ ಎರಡು ಮೊಳ ಸರೀಲೇನ?"

ಮುದಿ ನಾಯಿ ಎರಡು ಸಲ ಸೀನಿತು, ಮೊಳಕ್ಕೊಂದರಂತೆ. ನನ್ನ ಮೈದುನ ಹನಮ ಅಲ್ಲೇ ಇದ್ದ. ಅಣ್ಣನ ಮುಖ ನೋಡಿದ, ಏನೂ ಕೇಳದೆ ಮನೆಯ ದಾರಿ ಹಿಡಿದ. ಇಡೀ ಗುಂಪಿನಲ್ಲಿ ಪ್ರಶ್ನೆಯಿದ್ದೂ ತಾನಾಗಿಯೇ ಬಾಯಿ ಬಿಡದೆ ಹೋದವನು ಅವನೊಬ್ಬನೇ.

ಕೊನೆಗೆ ಫಕೀರವ್ವ ಜನರನ್ನು ಮೊಣಕೈಯಿಂದ ಸರಿಸುತ್ತ ಬುಡಕ್ಕೆ ಬಂದಳು. ಕಣವನ್ನು ಅವಳಾದರೂ ಕೇಳುತ್ತಾಳೆಂದು ನಾನು ತುದಿಗಾಲಲ್ಲಿ ನಿಂತೆ. ಅವಳು ಒಮ್ಮೆ ಸುತ್ತ ನೋಡಿದಳು. ಒಂದು ಕಣಕ್ಕೆ ಸಾವಕಾರನದೊಂದು ಹೂಂ, ತನ್ನದೊಂದು ಹೂಂ ಆದರೆ ಯಾರದು ನಿಲ್ಲುತ್ತದೆ ಎಂಬುದು ಅವಳಿಗೆ ಗೊತ್ತಿಲ್ಲದ್ದೇ? ಅಡಿವೆಪ್ಪನತ್ತ ತಿರುಗಿ, ಸಾವಕಾಶವಾಗಿ, ಪ್ರತಿಯೊಬ್ಬರಿಗೂ ಕೇಳುವಂತೆ ಹೇಳಿದಳು:

"ಅಡಿವೆಪ್ಪ ಸಾವ್ಕಾರ್ರ ಮಾಳಿಗಿ ಮ್ಯಾಲೆ ನಾ ಇರೂತನಕ ಕಾಯಿ ಒಣಗಸ್ಲೇನ?"

ನಾಯಿಗಳು ಅದಕ್ಕೂ ಸೀನಿದವು. ಮುದುಕಿ ಮೂತಿಯನ್ನು ನೆಲಕ್ಕೆ ಉಜ್ಜಿ, ಕಣ್ಣು ಕಾಣದವರ ಹಾಗೆ ತಡವರಿಸುತ್ತ ಎದ್ದು ಕೆರೆಗೆ ಇಳಿಯಿತು. ಹಿಂದೆಯೇ ಎಲ್ಲವೂ ಇಳಿದು, ಕಿವಿಯ ತನಕ ನೀರಲ್ಲಿ ಮುಳುಗಿ ಒದ್ದಾಡಿದವು. ಮರಿಗಳು ಕುಂಯ್ಗುಟ್ಟುತ್ತಿದ್ದವು. ಅತ್ತ ನೋಡುವವರು ಯಾರೂ ಇರಲಿಲ್ಲ. ಎಲ್ಲರೂ ತಮತಮಗೆ ಬಂದದ್ದನ್ನು ತರಲು ಮನೆಗಳತ್ತ ಓಡುತ್ತಿದ್ದರು.

ಮಾರನೆಯ ದಿನ ಅಡಿವೆಪ್ಪ ಚಾವಡಿಯಲ್ಲಿ ಪಂಚರನ್ನು ಕೂಡಿಸಿದ. ತನ್ನ ಪ್ರಶ್ನೆಯ ಸೀನು ಮಾತ್ರ ಖರೆ, ಆಮೇಲಿನವು ಬರೀ ಸೀನು, ಎಂಬುದು ಅವನ ವಾದ.

"ಬರೀ ಸೀನು ಅಂದ್ರ ಹೆಂಗ್ರಿ?" ಎಂದಳು ಫಕೀರವ್ವ. "ಅವಕ್ಕೇನ ನೆಗಡಿ ಆಗಿತ್ತೇನ್ರಿ?"

"ಮಣ್ಣಾಗ ಏನರ ಇದ್ದೀತು."

"ಏನಿತ್ರಿ? ಯಾರ ಹಾಕಿದ್ರು? ನೀವಽ ಹೇಳ್ರಿ, ನಾವು ಕೇಳ್ತೇವಿ."

ಅಡಿವೆಪ್ಪ ಪಂಚರ ಕಡೆ ನೋಡಿದ. ಪಂಚರು ಕಂಬದ ಕಡೆ ನೋಡಿದರು. ಖಾರ ಎಂಬ ಮಾತು ಯಾರ ಬಾಯಿಂದ ಬಂದರೂ ಎಲ್ಲ ಹೂಂಗಳೂ ಒಟ್ಟಿಗೆ ಬಿದ್ದುಹೋಗುತ್ತವೆ. ಗೋದಾಮೂ ಹೋಯಿತು, ಎಮ್ಮೆಕರುವೂ ಹೋಯಿತು, ಬೋರಮಾಳವೂ ಹೋಯಿತು. ನಾನು ನನ್ನ ಗಂಡನ ಪಕ್ಕೆ ತಿವಿದು, "ಹೇಳ್ರಿ, ಕಣ ಉಳೀತೈತಿ," ಎಂದೆ. ಅವನಿಗೆ ಒಮ್ಮೆಲೆ ಕಿವಿ ಕೇಳದಾಯಿತು. ಊರಿನ ಅಷ್ಟೂ ಜನರ ನಾಲಿಗೆಯ ತುದಿಯಲ್ಲಿದ್ದ ಮಾತನ್ನು ಅಷ್ಟೂ ಜನರು ಸೇರಿ ನುಂಗಿದರು. ಮನೆಯಲ್ಲಿ ಗಂಡಸಿರುವ ನನ್ನಂಥ ಹೆಂಗಸರು ಹೇಳಿದ್ದನ್ನು ಪಂಚರು ಕೇಳಿಸಿಕೊಳ್ಳುವ ಪದ್ಧತಿಯಿಲ್ಲ. ಹೇಳಿದೆವು, ಗಾಳಿಗೆ ಹೋಯಿತು.

ಎಲ್ಲ ಹೂಂಗಳೂ ನಿಂತವು. ಸಂಜೆಯೊಳಗೆ ಕಣದ ಸುತ್ತ ಮುಳ್ಳುತಂತಿ ಬಂತು. ಅರೆ ಒಣಗಿದ ಕಾಯಿಯನ್ನು ಬಳಿದುಕೊಂಡು ನಾವು ಮನೆಗೆ ಬಂದೆವು. ಅರೆ ಒಣಗಿದ ಕಾಯಿಗೆ ಮತ್ತೆ ಬಿಸಿಲು ಬೀಳದಿದ್ದರೆ ಬೂಷ್ಟು ಹಿಡಿದು ಕರಿ ಕಲೆ ಬರುತ್ತದೆ. ಅಂಥದ್ದಕ್ಕೆ ಹಿಡಿ ಜೋಳವನ್ನೂ ಯಾರೂ ಕೊಡುವುದಿಲ್ಲ.

ಫಕೀರವ್ವ ಮಾತ್ರ ಬುಟ್ಟಿ ಹೊತ್ತು ನೆಟ್ಟಗೆ ಅಡಿವೆಪ್ಪನ ತಲಬಾಗಿಲಿಗೆ ಹೋದಳು. ಏಣಿ ಇರುವುದು ಪಡಸಾಲೆಯ ಒಳಗೆ. ಅವನ ಹೆಂಡತಿ ಅಡ್ಡ ನಿಂತಳು, ನಾಯಿಯ ಮಾತು ನೆನಪಾಗಿ ಸರಿದಳು. ಉಣ್ಣಲು ಕೂತಿದ್ದ ಅಡಿವೆಪ್ಪನ ತಾಟಿನ ಮಗ್ಗುಲಲ್ಲೇ ಹಾದು ಫಕೀರವ್ವ ಮಾಳಿಗೆ ಹತ್ತಿದಳು. ನಮ್ಮಂಥವರ ಸೂರೆಲ್ಲ ಇಳಿಜಾರು ಹುಲ್ಲಿನದು, ಇದು ಊರಲ್ಲೇ ಎತ್ತರದ ಮಾಳಿಗೆ, ಹೊತ್ತು ಹುಟ್ಟಿದಾಗಿನಿಂದ ಮುಳುಗುವ ತನಕ ಬಿಸಿಲು. ಬೆಳಕಿಂಡಿಯ ಸುತ್ತಲೇ ತಟ್ಟು ಹಾಸಿ ಕಾಯಿ ಹರವಿದಳು. ಕಾಲಲ್ಲಿ ತಿರುವಿ ಹಾಕಿದಾಗೊಮ್ಮೆ ಘಾಟು ಕಿಂಡಿಯಿಂದ ಇಳಿದು ಪಡಸಾಲೆ ತುಂಬಿತು. ಮನೆಯವರೆಲ್ಲ ಸಾಲಾಗಿ ಸೀನತೊಡಗಿದರು.

"ಏ ಮುದುಕಿ," ಎಂದ ಅಡಿವೆಪ್ಪ ಕೆಳಗಿನಿಂದ, "ವರ್ಷಕ್ಕ ಎರಡು ಚೀಲ ಒಣಾ ಕಾಯಿ ನಾನಽ ಕೊಡ್ತೇನಿ. ಕೆಳಗಿಳಿ."

"ನಿಮ್ಮ ಕಾಯಿ ನನಗ್ಯಾಕ್ರಿ ಸಾವ್ಕಾರ್ರ? ನಾ ಹಕ್ಕಲಾ ಆಯ್ದು ತಿನ್ನಾಕಿ. ನಾಳೆ ಇನ್ನೊಂದ ನಾಕ ಬುಟ್ಟಿ ತರ್ಲೇನ್ರಿ?"

ಅಡಿವೆಪ್ಪನ ಉತ್ತರ ಮೂಗಿನಿಂದಲೇ ಬಂತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ದುರಗಪ್ಪ ಅದನ್ನು ಹೂಂ ಎಂದೇ ಊರಿಗೆಲ್ಲ ಸಾರಿದ.

ಮರುದಿನದಿಂದ ಫಕೀರವ್ವ ಬೇರೆಯವರ ಬುಟ್ಟಿಗಳನ್ನೂ ಮಾಳಿಗೆಗೆ ಏರಿಸತೊಡಗಿದಳು. ನೂಕಾಟದಲ್ಲಿ ಸರದಿ ಸಿಗದೆ ಏನನ್ನೂ ಕೇಳದೆ ಉಳಿದ ಒಂದೆರಡು ಮನೆಯವರದು ಮೊದಲು. ಅದನ್ನು ನೋಡಿ ನಾನೂ ನನ್ನ ಬುಟ್ಟಿ ಹೊತ್ತು ಹೋದೆ. ಮಾಳಿಗೆಯ ಮೇಲೆ ಬೇಕಾದಷ್ಟು ಜಾಗವಿತ್ತು. ಅವಳು ನನ್ನ ಬುಟ್ಟಿಯನ್ನು ಮುಟ್ಟಲೂ ಇಲ್ಲ.

"ನಿನಗೇನ ಕಡಿಮಿ ಆಗೇತಿ ನೀಲವ್ವ? ನಿನ್ನ ಗಂಡ ಎರಡು ಮೊಳ ಗಳಿಸ್ಯಾನಲ್ಲ. ಅಲ್ಲೇ ಹರವಿಕೋ."

"ನಾನೇನ ಕೇಳಿದ್ನೇನ ಆಯಿ? ನಾ ಕಣ ಕಣ ಅಂತ ಒದರಿ ಸತ್ತೆ."

"ಒದರಿದ್ದು ಕೇಳೇನಿ. ಉಣ್ಣೂದು ಮಾತ್ರ ಇಬ್ಬರೂ ಒಂದಽ ಒಲಿಮ್ಯಾಲಿಂದು."

ಗೋಡೆ ಆಗಲೇ ಸರಿದಿತ್ತು. ಜೀವಮಾನದಲ್ಲಿ ಒಂದು ಕೆಲಸವನ್ನೂ ಹೇಳಿದ ದಿನಕ್ಕೆ ಮಾಡದ ನನ್ನ ಗಂಡ ಇದೊಂದನ್ನು ಒಂದೇ ಹಗಲಿಗೆ ಮುಗಿಸಿದ್ದ. ಹಳೆಯ ಕಲ್ಲುಗಳನ್ನೇ ಕಿತ್ತು ಆಚೆ ಕಟ್ಟಿದ್ದ. ಹನಮನ ಹೆಂಡತಿ ಪಾತ್ರೆ ತಿಕ್ಕುವ ಜಾಗ ಗೋಡೆಯ ಅಡಿಗೆ ಹೋಗಿತ್ತು. ಆಕೆ ಈಗ ಬಾಗಿಲ ಮೆಟ್ಟಿಲ ಮೇಲೆ ಕೂತು ತಿಕ್ಕುತ್ತಿದ್ದಳು. ಗಂಡ ಹೊಸ ಜಾಗದಲ್ಲಿ ಅತ್ತಿಂದಿತ್ತ ಓಡಾಡಿದ. ಅತ್ತಿಂದಿತ್ತ ಎಂದರೆ ಎಷ್ಟು? ತಿರುಗುವಷ್ಟರಲ್ಲಿ ಮೊಣಕೈ ಗೋಡೆಗೆ ಬಡಿಯುತ್ತಿತ್ತು. ಅದಕ್ಕೇ ಅವನಿಗೆ ಆನಂದ.

ಬೇರೆ ದಾರಿಯಿಲ್ಲದೆ ಕಾಯಿಯನ್ನು ಅಲ್ಲೇ ಹರವಿದೆ. ಬೆಳಿಗ್ಗೆ ಗೋಡೆಯ ನೆರಳು, ಮಧ್ಯಾಹ್ನದ ಮೇಲೆ ಮನೆಯ ನೆರಳು. ಎರಡೇ ದಿನಕ್ಕೆ ಅಡಿಯ ಕಾಯಿಗೆ ಕರಿ ಕಲೆ ಬಂತು. ಒಂದು ಹಿಡಿ ಎತ್ತಿ ಅವನ ಮುಂದೆ ಹಿಡಿದೆ. ಅವನು ಮೂಸಿ ನೋಡಿ, "ಬಿಸಲಿಗೆ ಹಾಕು," ಎಂದ.

ನಾನು ಹಾರೆ ತಂದೆ.

ಮೊದಲ ಕಲ್ಲು ಉರುಳಿದಾಗ ಅವನು ಓಡಿಬಂದು ನಡುಗೋಡೆಗೆ ಬೆನ್ನು ಕೊಟ್ಟು ನಿಂತ. "ಏ ಹುಚ್ಚಿ! ನಾಯಿ ಹೂಂ ಅಂದಾವ!"

"ನಾಯಿ ಬಂದು ಕಟ್ಟಿದ್ವೇನ? ಕಟ್ಟಿದಾವ ನೀನು. ಸರಿ ಅತ್ಲಾಗ."

"ಊರು ಏನಂದೀತು?"

"ಊರಿಗೆ ಅನ್ನಾಕ ಬಾಯಿದ್ದಿದ್ರ ಚಾವಡಿಯೊಳಗಽ ಅಂತಿತ್ತು."

ಅಕ್ಕಪಕ್ಕದವರು ಹಿತ್ತಲ ಬೇಲಿಗೆ ಬಂದು ಸೇರಿದರು. ಈರಪ್ಪ ತನ್ನ ಹೊಸ ಎಮ್ಮೆಕರುವಿನ ಹಗ್ಗ ಹಿಡಿದುಕೊಂಡೇ ನೋಡಲು ಬಂದ. ಕರು ತಾಯಿಗಾಗಿ ಒದರುವುದು ನಿಂತಿರಲಿಲ್ಲ. ನನ್ನ ಗಂಡ ಅವರೆಲ್ಲರಿಗೂ ಕೇಳುವಂತೆ ದೊಡ್ಡ ಧ್ವನಿಯಲ್ಲಿ ಕಟ್ಟಳೆ ಹೇಳಿದ, ನಾನು ಕಲ್ಲು ಕೀಳುತ್ತಲೇ ಹೋದೆ. ಸ್ವಲ್ಪ ಹೊತ್ತಿಗೆ ಆಚೆಯಿಂದ ಹನಮ ಬುಟ್ಟಿ ತಂದು, ಬಿದ್ದ ಕಲ್ಲುಗಳನ್ನು ಹಳೆಯ ಅಡಿಪಾಯದ ಮೇಲೆ ಹೊತ್ತು ಹಾಕತೊಡಗಿದ. ಅವನ ಹೆಂಡತಿ ಮಣ್ಣು ಕಲಸಿದಳು. ಹೊತ್ತು ಇಳಿಯುವ ಮುಂಚೆ ಗೋಡೆ ಮೊದಲಿನ ಜಾಗಕ್ಕೆ ಬಂದಿತ್ತು, ಸ್ವಲ್ಪ ಸೊಟ್ಟಗೆ. ನನ್ನ ಗಂಡ ಆಯಾಸಗೊಂಡಿದ್ದ. ಅಷ್ಟು ಹೊತ್ತು ಮಾತಾಡಿದ್ದನಲ್ಲ.

ಮಣ್ಣುಗೈಯಲ್ಲೇ ಬುಟ್ಟಿ ಎತ್ತಿಕೊಂಡು ಅಡಿವೆಪ್ಪನ ಮನೆಗೆ ನಡೆದೆ. ಫಕೀರವ್ವ ಏಣಿಯ ಬುಡದಲ್ಲಿ ಸಿಕ್ಕಳು. ನನ್ನ ಕೈ ನೋಡಿದಳು, ಕಿತ್ತುಹೋದ ಉಗುರು ನೋಡಿದಳು. ಬುಟ್ಟಿಯನ್ನು ನೆಲಕ್ಕೆ ಇಳಿಸಿಕೊಂಡು, ಕುಕ್ಕರುಗಾಲಲ್ಲಿ ಕೂತು, ಕರಿ ಕಲೆ ಬಿದ್ದ ಕಾಯಿಗಳನ್ನು ಒಂದೊಂದಾಗಿ ಆರಿಸಿ ನನ್ನ ಉಡಿಗೆ ಹಾಕಿದಳು.

"ಇವು ನಿನ್ನ ಗಂಡನ ಪಾಲಿನವು. ಒಯ್ದು ಅವನ ಸಾರಿಗೆ ಹಾಕು," ಎಂದು, ಉಳಿದ ಬುಟ್ಟಿಯನ್ನು ತಲೆಗೇರಿಸಿಕೊಂಡು ಏಣಿ ಹತ್ತಿದಳು.